ಮುಂದೆ ಹಾಕಿದ್ದೋ, ಮುಂಚೆ ಮಾಡಿದ್ದೋ

ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಉರ್ದು ಮಾತಾಡುವ ಮನೆಗಳು ಬೇಕಾದಷ್ಟಿವೆ. ಆ ಮನೆಗಳಲ್ಲಿ ‘ಕಲ್’ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ‘ಪರ್ಸೋಂ’ ಅಂದರೆ ಮೊನ್ನೆ ಎಂದೂ ಆದೀತು, ನಾಡಿದ್ದು ಎಂದೂ ಆದೀತು. ಮರಾಠಿ ಮಾತಾಡುವ ಮನೆಗೆ ಹೋದರೆ ‘ಪರವಾ’ ಎಂಬ ಮಾತೂ ಹೀಗೆಯೇ ಎರಡೂ ಕಡೆಗೆ ಸಲ್ಲುತ್ತದೆ. ಇದರಿಂದ ಯಾರ ಮದುವೆಯೂ ತಪ್ಪಿಲ್ಲ, ಯಾರ ಸಾಲವೂ ಮರೆತುಹೋಗಿಲ್ಲ. ಹಿಂದೆಯೇ ಬರುವ ಕ್ರಿಯಾಪದ ‘ಬಂದರು’ ಎಂದಿದೆಯೋ ‘ಬರುತ್ತಾರೆ’ ಎಂದಿದೆಯೋ ಎಂಬುದರಲ್ಲೇ ದಿನ ತಿಳಿದುಹೋಗುತ್ತದೆ.

ಅದೇ ಬೀದಿಯಲ್ಲಿ ತುಳುವರು ಮುರಾನಿ, ಕೋಡೆ, ಇನಿ, ಎಲ್ಲೆ, ಎಲ್ಲಂಜಿ ಎಂದು ಐದು ದಿನಕ್ಕೆ ಐದು ಹೆಸರು ಹೇಳುತ್ತಾರೆ. ಕನ್ನಡದವರಿಗೆ ಮೊನ್ನೆ, ನಿನ್ನೆ, ಇಂದು, ನಾಳೆ, ನಾಡಿದ್ದು ಇವೆ. ಸಾಲದಿದ್ದರೆ ಆಚೆಮೊನ್ನೆ, ಆಚೆನಾಡಿದ್ದು ಕೂಡ ಇವೆ. ಮಲಯಾಳದವರಿಗೆ ಮೊನ್ನೆಗೆ ಮಿನಿಞ್ಞಾನ್, ನಾಡಿದ್ದಿಗೆ ಮಟ್ಟನ್ನಾಳ್ ಇವೆ. ಇಂಗ್ಲಿಷಿಗೆ ಬಂದರೆ ನಾಡಿದ್ದು ಎಂಬ ಒಂದು ಮಾತಿಗೆ ‘ದ ಡೇ ಆಫ್ಟರ್ ಟುಮಾರೋ’ ಎಂದು ನಾಲ್ಕು ಮಾತು ಜೋಡಿಸಬೇಕು. ಒಂದು ಕಾಲದಲ್ಲಿ ಅವರಿಗೂ ‘ಓವರ್‌ಮಾರೋ’ ಎಂಬ ಶಬ್ದವಿತ್ತು. 1535ರ ಕವರ್ಡೇಲ್ ಬೈಬಲ್ ಅನುವಾದದಲ್ಲಿ ಅದು ಸಿಗುತ್ತದೆ. ಆಮೇಲೆ ಬಳಕೆ ತಪ್ಪಿ ಕಳೆದುಹೋಯಿತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಹೊತ್ತು ಹೇಳಲು ತಡವರಿಸುವ ನಮ್ಮ ಮಕ್ಕಳು, ತಮ್ಮಲ್ಲಿ ಏನೋ ಕಡಿಮೆ ಇದೆ ಎಂದು ತಿಳಿದುಕೊಳ್ಳುತ್ತಾರೆ. ಕಡಿಮೆ ಏನೂ ಇಲ್ಲ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಬಸ್ಸಿನಲ್ಲಿ ಮತ್ತೊಂದು ಭಾಷೆಯಲ್ಲಿ ಹೊತ್ತು ಹೇಳಿ ರೂಢಿಯಿರುವ ಮಕ್ಕಳು ಅವರು. ಇಂಗ್ಲಿಷ್ ಹೊತ್ತನ್ನು ಬೇರೆ ಕಡೆಯಿಂದ ನೋಡುತ್ತದೆ, ಆ ಕಡೆ ಯಾವುದು ಎಂದು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ.

ನಮ್ಮ ಕಡೆ ಇದು ಬರೀ ಪಾಠದ ವಿಷಯವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಶಾಲೆಯಲ್ಲಿ ಓದಿದವರ ಕೈಗೆ ಬರುವ ಸರಕಾರಿ ಕಾಗದ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿರುತ್ತದೆ. ಮಲಯಾಳ ಕೇಳಿದರೆ ಅರ್ಥವಾದರೂ ಓದಲು ಕಷ್ಟಪಡುವವರಿಗೆ ಇಂಗ್ಲಿಷೇ ಗತಿ. ಅರ್ಜಿಯ ಕೊನೆಯ ದಿನ, ಸಂದರ್ಶನದ ಗಂಟೆ, ಗಲ್ಫಿನ ವಿಮಾನದ ಟಿಕೆಟು, ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸಿಗುವ ಸಮಯ, ಇವೆಲ್ಲ ಬರುವುದು ಇಂಗ್ಲಿಷಿನಲ್ಲಿ. ಒಂದು ಸಣ್ಣ ಮಾತು ತಪ್ಪಾಗಿ ಅರ್ಥವಾದರೆ ಒಂದು ದಿನ ಹೋಗುತ್ತದೆ, ಕೆಲವೊಮ್ಮೆ ಒಂದು ವರ್ಷವೇ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡಬಲ್ಲದ್ದು ‘ಬ್ರಾಟ್ ಫಾರ್ವರ್ಡ್’ ಎಂಬ ಮಾತು. ಬುಧವಾರದ ಪರೀಕ್ಷೆ ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಆಗಿದೆ ಎಂಬ ಸೂಚನೆ ಬಂತು ಎನ್ನಿ. ಕನ್ನಡದಲ್ಲಿ ಯೋಚಿಸುವ ಹುಡುಗಿ ‘ಫಾರ್ವರ್ಡ್ ಅಂದರೆ ಮುಂದೆ, ಪರೀಕ್ಷೆ ಮುಂದೆ ಹೋಗಿದೆ, ಶುಕ್ರವಾರ ಹೋದರೆ ಸಾಕು’ ಎಂದುಕೊಳ್ಳುತ್ತಾಳೆ. ಮದುವೆ ಮುಂದೆ ಹಾಕಿದರು ಅಂದರೆ ತಡವಾಯಿತು ಎಂದೇ ನಮ್ಮಲ್ಲಿ ಅರ್ಥ. ಪತ್ರಿಕೆಗಳು ಬರೆಯುವ ‘ಮುಂದೂಡಲಾಗಿದೆ’ ಎಂಬ ಮಾತಿಗೂ ಅದೇ ಅರ್ಥ. ಆದರೆ ಇಂಗ್ಲಿಷಿನ ‘ಬ್ರಾಟ್ ಫಾರ್ವರ್ಡ್’ ಸರಿಯಾಗಿ ತಿರುಗುಮುರುಗು: ಪರೀಕ್ಷೆ ಸೋಮವಾರವೇ ಮುಗಿದುಹೋಗಿರುತ್ತದೆ. ಅವರು ‘ಪುಟ್ ಬ್ಯಾಕ್’, ‘ಪುಶ್ಡ್ ಬ್ಯಾಕ್’ ಎಂದಾಗ ಮಾತ್ರ ಅದು ನಮ್ಮ ಮುಂದೂಡಿದ್ದು.

ಯಾಕೆ ಹೀಗೆ? ಉಪ್ಪಳ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ರೈಲು ತನ್ನ ಕಡೆಗೆ ಬರುತ್ತದೆ. ರೈಲಿನಲ್ಲಿ ಕುಳಿತವನಿಗೆ ಊರು ಹತ್ತಿರವಾಗುತ್ತದೆ. ಎರಡೂ ನಿಜ. ಕಾಲದ ವಿಚಾರದಲ್ಲೂ ಈ ಎರಡು ನೋಟಗಳಿವೆ. ದಿನಗಳು ನಮ್ಮ ಕಡೆಗೆ ನಡೆದು ಬರುತ್ತಿವೆ ಎಂದುಕೊಂಡರೆ, ಒಂದು ದಿನವನ್ನು ಅದು ಬರುತ್ತಿರುವ ದಿಕ್ಕಿನಲ್ಲೇ ಮುಂದೆ ತಂದರೆ ನಮಗೆ ಹತ್ತಿರವಾಗುತ್ತದೆ, ಅಂದರೆ ಬೇಗ ಬರುತ್ತದೆ. ನಾವೇ ದಿನಗಳ ಕಡೆಗೆ ನಡೆಯುತ್ತಿದ್ದೇವೆ ಎಂದುಕೊಂಡರೆ, ಮುಂದೆ ತಳ್ಳಿದ್ದು ದೂರವಾಗುತ್ತದೆ. ‘ಬ್ರಾಟ್ ಫಾರ್ವರ್ಡ್’ ಎನ್ನುವಾಗ ಇಂಗ್ಲಿಷ್ ಮೊದಲನೆಯ ಕಡೆ ನಿಂತಿದೆ. ‘ಮುಂದೂಡು’ ಎನ್ನುವಾಗ ಕನ್ನಡ ಎರಡನೆಯ ಕಡೆ ನಿಂತಿದೆ.

ಇಂಗ್ಲಿಷಿನವರೇ ಇದರಲ್ಲಿ ಎಡವುತ್ತಾರೆ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಲಾಗಿದೆ, ಈಗ ಅದು ಯಾವತ್ತು ಎಂದು ಇಂಗ್ಲಿಷ್ ಮನೆಮಾತಿನವರನ್ನೇ ಕೇಳಿದ ಸಂಶೋಧನೆಗಳಿವೆ. ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರ‍್ಯಾಮ್‌ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ವಿಮಾನ ನಿಲ್ದಾಣದಲ್ಲಿಯೂ ಕೇಳಿದ್ದರು. ಯಾರನ್ನೋ ಕರೆದೊಯ್ಯಲು ಬಂದು ಕಾಯುತ್ತಿದ್ದವರಿಗಿಂತ, ಆಗಷ್ಟೇ ವಿಮಾನದಿಂದ ಇಳಿದವರು ಮತ್ತು ಹತ್ತಲು ಹೊರಟವರು ‘ಶುಕ್ರವಾರ’ ಎಂದು ಉತ್ತರಿಸಿದ್ದು ಹೆಚ್ಚು. ತಾವೇ ಚಲಿಸುತ್ತಿರುವಾಗ ಮನಸ್ಸು ಕಾಲದಲ್ಲೂ ತಾನೇ ಚಲಿಸುತ್ತಿದೆ ಎಂದು ಹಿಡಿಯುತ್ತದೆ. ಈ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಕಾಸರಗೋಡಿನ ಹುಡುಗಿ ಸೂಚನೆಯನ್ನು ತಪ್ಪಾಗಿ ಓದಿದರೆ ಅದು ದಡ್ಡತನವಲ್ಲ, ‘ಫಾರ್ವರ್ಡ್’ ಎಂಬ ಮಾತಿನಲ್ಲೇ ಎರಡು ದಾರಿಗಳಿವೆ ಎಂಬುದಕ್ಕೆ ಇದೇ ಸಾಕ್ಷಿ.

ಕನ್ನಡದಲ್ಲೂ ಈ ಎರಡು ನೋಟಗಳು ಒಂದೇ ಬೇರಿನಿಂದ ಹೊರಟಿವೆ. ‘ಮುಂದಿನ ವಾರ’ ಎಂದರೆ ಬರಲಿರುವುದು. ‘ಮುನ್ನಾದಿನ’ ಎಂದರೆ ಹೇಳಿದ ದಿನಕ್ಕೆ ಮೊದಲಿನದು. ‘ಮುಂಚೆ’ ಎಂದರೂ ಮೊದಲು. ಎಲ್ಲದರಲ್ಲೂ ಇರುವುದು ಅದೇ ಮುನ್. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಐಮಾರಾ ಜನ ಇನ್ನೂ ಒಂದು ಹೆಜ್ಜೆ ಹೋಗಿ, ಕಳೆದದ್ದು ಕಣ್ಣಿಗೆ ಕಂಡದ್ದರಿಂದ ಅದು ಎದುರಿಗಿದೆ, ಬರಲಿರುವುದು ಕಾಣದ್ದರಿಂದ ಬೆನ್ನ ಹಿಂದಿದೆ ಎಂಬಂತೆ ಮಾತಾಡುತ್ತಾರೆ, ಕೈಸನ್ನೆಯನ್ನೂ ಹಾಗೆಯೇ ಮಾಡುತ್ತಾರೆ.

ಈ ಗೊಂದಲಕ್ಕೆ ಭಾರತದಲ್ಲೇ ಚಲಾವಣೆಗೆ ಬಂದ ಮದ್ದು ‘ಪ್ರಿಪೋನ್’. ಪೋಸ್ಟ್‌ಪೋನ್ ಅಂದರೆ ಮುಂದೂಡು, ಪ್ರಿಪೋನ್ ಅಂದರೆ ಅದಕ್ಕೆ ವಿರುದ್ಧ. ಇದು ಇಂಗ್ಲಿಷೇ ಅಲ್ಲ ಎಂದು ಮಕ್ಕಳ ಕಾಗದದ ಮೇಲೆ ಕೆಂಪು ಗೆರೆ ಎಳೆಯುವವರು ಈಗಲೂ ಇದ್ದಾರೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅದು ಸೇರಿಯಾಗಿದೆ. ಎರಡು ಅರ್ಥಕ್ಕೆ ಎಡೆಯಿಲ್ಲದ, ಕೇಳಿದ ತಕ್ಷಣ ತಿಳಿಯುವ ಶಬ್ದ ಅದು. ಲಂಡನ್ನಿನವರಿಗೆ ಬರೆಯುವಾಗ ‘ಬ್ರಾಟ್ ಫಾರ್ವರ್ಡ್’ ಎಂದೇ ಬರೆಯಿರಿ. ನಮ್ಮ ಶಾಲೆಯ ನೋಟಿಸು ಬೋರ್ಡಿನಲ್ಲಿ ‘ಪ್ರಿಪೋನ್’ ಎಂದು ಬರೆದರೆ ಮಕ್ಕಳಿಗೆ ಉಪಕಾರವಾಗುತ್ತದೆ.

ನಷ್ಟ ಮಾಡುವುದರಲ್ಲಿ ಎರಡನೆಯದು ‘ಬೈ’ ಮತ್ತು ‘ಟಿಲ್’. ಇಲ್ಲಿ ನಮ್ಮ ಭಾಷೆಗಳು ಇಂಗ್ಲಿಷಿನಷ್ಟೇ ಖಚಿತವಾಗಿವೆ, ಆದರೂ ತಪ್ಪಾಗುತ್ತದೆ. ‘ಐದು ಗಂಟೆಯ ಒಳಗೆ’ ಬೇರೆ, ‘ಐದು ಗಂಟೆಯ ತನಕ’ ಬೇರೆ. ತುಳುವಿನಲ್ಲಿ ‘ಐನ್ ಗಂಟೆದ ಉಲಯಿ’ ಬೇರೆ, ‘ಐನ್ ಗಂಟೆ ಮುಟ್ಟ’ ಬೇರೆ. ಒಳಗೆ ಎಂಬುದೇ ‘ಬೈ’, ತನಕ ಎಂಬುದೇ ‘ಟಿಲ್’. ಇಷ್ಟು ಹೇಳಿಕೊಟ್ಟರೆ ಹತ್ತು ನಿಮಿಷದ ಪಾಠ. ಹಾಗೆ ಹೇಳಿಕೊಡದೆ ‘ಬೈ’ ಎಂದರೆ ‘ಇಂದ’ ಎಂದು ಮೊದಲೇ ಬಾಯಿಪಾಠ ಮಾಡಿಸಿರುವುದರಿಂದ, ‘ಬೈ ಬಸ್’ ಎಂಬಲ್ಲಿ ಬರುವ ಬೈ ‘ಬೈ ಫೈವ್’ ಎಂಬಲ್ಲಿ ಏನು ಮಾಡುತ್ತಿದೆ ಎಂದು ಮಗುವಿಗೆ ತಿಳಿಯುವುದಿಲ್ಲ. ‘ಒಳಗೆ’ ಎಂಬುದನ್ನು ಅದು ‘ವಿದಿನ್ ಫೈವ್ ಓ ಕ್ಲಾಕ್’ ಎಂದು ಮಾಡುತ್ತದೆ. ‘ವಿದಿನ್’ ಬೇಡುವುದು ಗಡಿಯಾರದ ಗಂಟೆಯನ್ನಲ್ಲ, ಅವಧಿಯನ್ನು: ಐದು ತಾಸಿನ ಒಳಗೆ, ಮೂರು ದಿನದ ಒಳಗೆ.

ಅಂಗಡಿಯವರು ‘ಐ ವಿಲ್ ಬಿ ಹಿಯರ್ ಟಿಲ್ ಫೈವ್’ ಅಂದರೆ ಐದಕ್ಕೆ ಹೊರಡುತ್ತಾರೆ, ‘ಬೈ ಫೈವ್’ ಅಂದರೆ ಐದಕ್ಕೆ ಬಂದಿರುತ್ತಾರೆ. ಐದೂವರೆಗೆ ಹೋದವನಿಗೆ ಒಂದರಲ್ಲಿ ಬೀಗ, ಇನ್ನೊಂದರಲ್ಲಿ ಬಾಗಿಲು ತೆರೆದಿದೆ. ಅರ್ಜಿ ‘ಬೈ ಫ್ರೈಡೇ’ ತಲುಪಬೇಕು ಎಂದರೆ ಶುಕ್ರವಾರವೂ ಲೆಕ್ಕಕ್ಕೆ ಸೇರಿದೆ, ‘ಬಿಫೋರ್ ಫ್ರೈಡೇ’ ಎಂದರೆ ಸೇರಿಲ್ಲ, ಗುರುವಾರಕ್ಕೇ ಮುಗಿಯಿತು. ಈ ಜಗಳ ಬೇಡ ಎಂದೇ ಕಚೇರಿಯವರು ‘ಆನ್ ಆರ್ ಬಿಫೋರ್’ ಎಂದು ಎರಡನ್ನೂ ಕಟ್ಟಿ ಬರೆಯುವುದು. ಅಮೆರಿಕದವರು ‘ಮಂಡೇ ಥ್ರೂ ಫ್ರೈಡೇ’ ಎಂದಾಗ ಶುಕ್ರವಾರವೂ ಪೂರ್ತಿ ಸೇರಿರುತ್ತದೆ.

ಇನ್ನು ರಾತ್ರಿಯ ವಿಷಯ. ಇದರಲ್ಲಿ ಉಪ್ಪಳದಷ್ಟು ಸಂಪತ್ತು ಬೇರೆ ಊರಿಗಿಲ್ಲ ಎಂದು ನನಗನ್ನಿಸುವುದುಂಟು, ಯಾಕೆಂದರೆ ಇಲ್ಲಿ ದಿನ ಮೂರು ಹೊತ್ತಿನಲ್ಲಿ ಹುಟ್ಟುತ್ತದೆ. ಪಂಚಾಂಗ ನೋಡುವವರಿಗೆ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿನ ವಾರ ಹಿಂದಿನ ದಿನದ್ದೇ. ರಾತ್ರಿಯಿಡೀ ನಡೆಯುವ ಯಕ್ಷಗಾನ ಶನಿವಾರದ ಆಟ ಎಂದೇ ಕರೆಸಿಕೊಳ್ಳುತ್ತದೆ, ಮಂಗಳ ಹಾಡುವಾಗ ಆದಿತ್ಯವಾರದ ಬೆಳಕು ಹರಿದಿದ್ದರೂ. ಮುಸ್ಲಿಮರ ಮನೆಗಳಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಆದ್ದರಿಂದ ಮಲಯಾಳದಲ್ಲಿ ಅವರು ‘ವೆಳ್ಳಿಯಾಳ್ಚ ರಾವ್’, ಶುಕ್ರವಾರದ ರಾತ್ರಿ, ಎಂದು ಹೇಳುವುದು ಗುರುವಾರ ಹೊತ್ತು ಕಂತಿದ ಮೇಲಿನ ರಾತ್ರಿಗೆ. ಮೂರನೆಯದು ರೈಲು, ವಿಮಾನ, ಕಚೇರಿಗಳ ದಿನ. ಅದು ಹುಟ್ಟುವುದು ನಡುರಾತ್ರಿ 12ಕ್ಕೆ.

ಇಂಗ್ಲಿಷ್ ಈಗ ಮೂರನೆಯದನ್ನು ಒಪ್ಪಿಕೊಂಡಿದೆ. ಆದರೆ ಅದರ ಹಳೆಯ ಮಾತುಗಳಲ್ಲಿ ಬೇರೆ ಲೆಕ್ಕ ಉಳಿದಿದೆ. ಕ್ರಿಸ್ಮಸ್ ‘ಈವ್’ ಅಂದರೆ ಡಿಸೆಂಬರ್ 24ರ ಸಂಜೆ. ಹಬ್ಬ ಹಿಂದಿನ ಸಂಜೆಯಿಂದಲೇ ಶುರುವಾಗುತ್ತಿದ್ದುದರ ಗುರುತು ಅದು. ಉಪ್ಪಳದ ಶುಕ್ರವಾರದ ರಾತ್ರಿಗೂ ಅದಕ್ಕೂ ಹತ್ತಿರದ ನಂಟು. ಎರಡು ವಾರಕ್ಕೆ ‘ಫೋರ್ಟ್‌ನೈಟ್’ ಎನ್ನುತ್ತಾರೆ: ಹದಿನಾಲ್ಕು ರಾತ್ರಿ ಎಂಬುದು ಸವೆದು ಹಾಗಾಗಿದೆ. ಏಳು ರಾತ್ರಿಗೆ ‘ಸೆನ್ನೈಟ್’ ಎಂದೂ ಇತ್ತು, ಜೇನ್ ಆಸ್ಟಿನ್ ಕಾದಂಬರಿಗಳಲ್ಲಿ ಸಿಗುತ್ತದೆ. ಜರ್ಮನ್ ಬುಡಕಟ್ಟುಗಳು ಹಗಲನ್ನಲ್ಲ, ರಾತ್ರಿಯನ್ನು ಎಣಿಸುತ್ತಾರೆ ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು 1,900 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಆ ಎಣಿಕೆಯೇ ಇಂಗ್ಲಿಷಿನಲ್ಲಿ ಇನ್ನೂ ಉಸಿರಾಡುತ್ತಿದೆ. ನಾವು ಅದೇ ಅವಧಿಗೆ ‘ಹದಿನೈದು ದಿನ’ ಎನ್ನುತ್ತೇವೆ, ವಾರಕ್ಕೆ ‘ಎಂಟು ದಿನ’ ಎನ್ನುತ್ತೇವೆ. ಹೊರಟ ದಿನ, ಮುಟ್ಟಿದ ದಿನ ಎರಡನ್ನೂ ಎಣಿಸುವ ರೂಢಿ ನಮ್ಮದು. ‘ಎಂಟು ದಿನ ಬಿಟ್ಟು ಬನ್ನಿ’ ಎಂದು ನಮ್ಮವರು ಹೇಳಿದ್ದನ್ನು ‘ಕಮ್ ಆಫ್ಟರ್ ಎಯ್ಟ್ ಡೇಸ್’ ಎಂದು ಮಾಡಿದರೆ ಇಂಗ್ಲಿಷಿನವನು ಒಂದು ದಿನ ತಡವಾಗಿ ಬರುತ್ತಾನೆ. ‘ಇನ್ ಎ ವೀಕ್’ ಎಂದರೆ ಸರಿ.

ನಷ್ಟವಾಗುವ ಜಾಗ ಟಿಕೆಟು. ವಿಮಾನ ‘12:15 ಎಎಮ್, ಜೂನ್ 10’ ಎಂದಿದ್ದರೆ ಹೊರಡಬೇಕಾದ್ದು ಜೂನ್ 9ರ ರಾತ್ರಿ ಊಟದ ಹೊತ್ತಿಗೆ, ಅದೂ ತಡ ಮಾಡದೆ. ಜೂನ್ 10ರ ಹಗಲಿಡೀ ಪೆಟ್ಟಿಗೆ ಕಟ್ಟಿ ಅಂದು ರಾತ್ರಿ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ. ‘ಎಎಮ್’ ಅಂದರೆ ಬೆಳಿಗ್ಗೆ ಎಂದಷ್ಟೇ ಕಲಿಸಿರುವುದರಿಂದ ಬರುವ ತೊಂದರೆ ಇದು. ಅದರ ಲ್ಯಾಟಿನ್ ಅರ್ಥ ನಡುಹಗಲಿಗಿಂತ ಮೊದಲು ಎಂದು. ನಡುರಾತ್ರಿಯಿಂದ ನಡುಹಗಲಿನ ತನಕ ಅದರ ಆಳ್ವಿಕೆ. ನಮ್ಮ ‘ರಾತ್ರಿ ಎರಡು ಗಂಟೆ’ ಇಂಗ್ಲಿಷಿನಲ್ಲಿ ‘ಟೂ ಇನ್ ದ ಮಾರ್ನಿಂಗ್’ ಆಗುವುದು ಈ ಕಾರಣಕ್ಕೆ. ನಮ್ಮ ‘ರಾತ್ರಿ ಎಂಟು ಗಂಟೆ’ ಅವರಿಗೆ ‘ಎಯ್ಟ್ ಇನ್ ದ ಈವ್ನಿಂಗ್’ ಆಗುವುದಕ್ಕೆ ಕಾರಣ ಬೇರೆ. ನಮ್ಮ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ, ಅವರ ಈವ್ನಿಂಗ್ ಮಲಗುವ ತನಕ ನಡೆಯುತ್ತದೆ. ಎಂಟಕ್ಕೆ ಎದುರಾದವರಿಗೆ ಹೇಳಬೇಕಾದ್ದು ‘ಗುಡ್ ಈವ್ನಿಂಗ್’; ‘ಗುಡ್ ನೈಟ್’ ಬೀಳ್ಕೊಡುವಾಗಿನ ಮಾತು ಮಾತ್ರ.

ಈ ವಿಚಾರದಲ್ಲಿ ನಾನು ನಂಬುವುದು ರೈಲ್ವೆಯವರ 24 ಗಂಟೆಯ ಲೆಕ್ಕವನ್ನು. 00:15 ಎಂದು ಬರೆದದ್ದನ್ನು ನೋಡಿದರೆ ಕೊನೆಯ ಪಕ್ಷ ಒಂದು ಕ್ಷಣ ನಿಂತು ಯೋಚಿಸುತ್ತೇವೆ. ವಿಮೆ, ಕರಾರು ಪತ್ರಗಳಲ್ಲಿ ‘ಮಿಡ್‌ನೈಟ್’ ಎಂಬ ಮಾತು ಯಾವ ದಿನದ ತುದಿ ಎಂಬ ತಕರಾರು ಬರುವುದರಿಂದ ರಾತ್ರಿ 11:59 ಎಂದು ಬರೆಯುವವರೂ ಇದ್ದಾರೆ. ಗಲ್ಫಿಗೆ ಹೋಗುವವರು ಇನ್ನೊಂದನ್ನೂ ನೆನಪಿಡಬೇಕು: ಟಿಕೆಟಿನಲ್ಲಿ ಹೊರಡುವ ಗಂಟೆ ನಮ್ಮದು, ತಲುಪುವ ಗಂಟೆ ಅಲ್ಲಿನದು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಸೌದಿ, ಕುವೈತ್, ಕತಾರ್ ಎರಡೂವರೆ ತಾಸು ಹಿಂದೆ. ‘ವೀಕೆಂಡ್’ ಎಂಬ ಮಾತೂ ಎಲ್ಲ ಕಡೆ ಒಂದೇ ಅಲ್ಲ. ಸೌದಿಯಲ್ಲಿ ಅದು 2013ರಲ್ಲಿ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬಂತು. ಯುಎಇಯ ಸರಕಾರಿ ಕಚೇರಿಗಳಲ್ಲಿ 2022ರ ಜನವರಿಯಿಂದ ಶನಿವಾರ-ಆದಿತ್ಯವಾರವಾಯಿತು, ಶುಕ್ರವಾರ ಅರ್ಧ ದಿನ ಕೆಲಸ.

ಗಡಿಯಾರ ನೋಡುವ ಕ್ರಮಕ್ಕೆ ಬಂದರೆ ನಮ್ಮ ಊರಿನ ಭಾಷೆಗಳೇ ಎರಡು ಪಕ್ಷವಾಗುತ್ತವೆ. ಕನ್ನಡದಲ್ಲಿ 5:45 ಎಂದರೆ ಐದೂ ಮುಕ್ಕಾಲು. ತುಳುವಿಗೂ ಮಲಯಾಳಕ್ಕೂ ಅದೇ ಕ್ರಮ. ಐದು ಹೊಡೆದಾಗಿದೆ, ಅದರ ಮೇಲೆ ಮುಕ್ಕಾಲು ಸೇರಿದೆ ಎಂದು ಕಳೆದ ಗಂಟೆಯ ಮೇಲೆ ಕೂಡಿಸುತ್ತಾ ಹೋಗುತ್ತೇವೆ. ಇಂಗ್ಲಿಷ್ ಅರ್ಧ ದಾಟಿದ ಕೂಡಲೇ ತಲೆ ಎತ್ತಿ ಬರುವ ಗಂಟೆಯನ್ನು ನೋಡುತ್ತದೆ: ‘ಕ್ವಾರ್ಟರ್ ಟು ಸಿಕ್ಸ್’, ಆರಕ್ಕೆ ಕಾಲು ಕಮ್ಮಿ. ಕನ್ನಡ ಮಾಧ್ಯಮದ ಮಗು ಇಲ್ಲಿ ‘ಕ್ವಾರ್ಟರ್ ಟು ಫೈವ್’ ಎಂದು ಬರೆದು ಒಂದು ಗಂಟೆ ಹಿಂದೆ ಬೀಳುತ್ತದೆ. ಆದರೆ ಉರ್ದು ಮನೆಯ ಮಗುವಿಗೆ ‘ಪೌನೇ ಛೆ’ ಗೊತ್ತು, ಮರಾಠಿ ಮನೆಯ ಮಗುವಿಗೆ ‘ಪಾವಣೇ ಸಹಾ’ ಗೊತ್ತು. ಎರಡೂ ಆರಕ್ಕೆ ಕಾಲು ಕಮ್ಮಿ ಎಂದೇ ಹೇಳುತ್ತವೆ. ಒಂದೇ ಬೆಂಚಿನಲ್ಲಿ ಕುಳಿತ ಈ ಮಕ್ಕಳು ಒಬ್ಬರಿಗೊಬ್ಬರು ತಮ್ಮ ಮನೆಯ ಗಡಿಯಾರವನ್ನು ಹೇಳಿಕೊಟ್ಟರೆ ಇಂಗ್ಲಿಷಿನ ಕ್ವಾರ್ಟರ್ ಟು ತಾನಾಗಿ ಬರುತ್ತದೆ. ಹಲವು ಭಾಷೆ ಬಲ್ಲ ಕವಿ ಮಂಜೇಶ್ವರ ಗೋವಿಂದ ಪೈಗಳು ಬಾಳಿದ್ದು ಈ ನೆಲದ ಪಕ್ಕದಲ್ಲೇ. ಒಂದು ಭಾಷೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ನಮಗೆ ಹೊಸದಲ್ಲ.

ಬ್ರಿಟಿಷರು ‘ಹಾಫ್ ಫೈವ್’ ಎಂದರೆ ಐದೂವರೆ. ಜರ್ಮನರು ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರೆ ನಾಲ್ಕೂವರೆ, ಯಾಕೆಂದರೆ ಅವರು ಐದರ ಕಡೆಗೆ ಅರ್ಧ ದಾರಿ ಬಂದಿದೆ ಎಂದು ಎಣಿಸುತ್ತಾರೆ. ದುಬೈಯ ಕಚೇರಿಯಲ್ಲಿ ಇಬ್ಬರೂ ಸಿಗುತ್ತಾರೆ. ‘ಫೈವ್ ಥರ್ಟಿ’ ಎಂದರೆ ಯಾರಿಗೂ ತೊಂದರೆಯಿಲ್ಲ.

ಗಡಿಯಾರವೇ ನಮಗೆ ಹೇಳುವ ಗಂಟೆ ಕೂಡ ಒಂದು ಒಪ್ಪಂದ. 1906ರ ಜನವರಿ 1ರಿಂದ ಭಾರತಕ್ಕೆಂದು ಒಂದು ಕಾಲಮಾನ ಬಂತು. ಅದಕ್ಕೆ ಮೊದಲು ರೈಲುಗಳು ಅದಕ್ಕಿಂತ ಸುಮಾರು ಒಂಬತ್ತು ನಿಮಿಷ ಹಿಂದಿದ್ದ ಮದ್ರಾಸು ಕಾಲಮಾನದಲ್ಲಿ ಓಡುತ್ತಿದ್ದವು. ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ, ಅಂದರೆ ನಮ್ಮ ಕರಾವಳಿಗೆ ರೈಲೂ ಹೊಸ ಗಡಿಯಾರವೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ದೇಶದ ಕಾಲಮಾನ ನಿಂತಿರುವ ರೇಖೆಯಿಂದ ಉಪ್ಪಳ ಸುಮಾರು ಏಳೂವರೆ ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ 12:30ರ ಆಸುಪಾಸಿಗೆ.

‘ನೆಕ್ಸ್ಟ್ ಸಂಡೇ’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬುಧವಾರ ಕುಳಿತು ಆ ಮಾತು ಹೇಳಿದರೆ ನಾಲ್ಕು ದಿನದಲ್ಲಿ ಬರುವ ಆದಿತ್ಯವಾರವೋ ಅದರಾಚೆಯದ್ದೋ ಎಂಬ ಬಗ್ಗೆ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ. ನಾವು ‘ಬರುವ ಆದಿತ್ಯವಾರ’ ಮತ್ತು ‘ಅದರ ಆಚೆಯ ಆದಿತ್ಯವಾರ’ ಎಂದು ಬೇರೆ ಮಾಡುತ್ತೇವಷ್ಟೆ. ತಾರೀಕು ಹೇಳಿಬಿಡುವುದೇ ಲೇಸು. ತಾರೀಕನ್ನು ಅಂಕಿಯಲ್ಲಿ ಬರೆದರೆ ಸಾಲದು, ತಿಂಗಳ ಹೆಸರು ಬೇಕು. 05/06 ನಮಗೆ ಜೂನ್ 5, ಅಮೆರಿಕದಲ್ಲಿ ಮೇ 6. ‘ಬೈವೀಕ್ಲಿ’ ಎಂಬುದಕ್ಕೆ ವಾರಕ್ಕೆರಡು ಬಾರಿ, ಎರಡು ವಾರಕ್ಕೊಮ್ಮೆ ಎಂಬ ಎರಡು ಅರ್ಥವೂ ನಿಘಂಟಿನಲ್ಲಿವೆ. ಆ ಮಾತನ್ನು ಬಿಟ್ಟುಬಿಡಿ.

ಇಷ್ಟು ಹೊತ್ತು ಹೇಳಿದ್ದು ನಷ್ಟ ಮಾಡುವ ಮಾತುಗಳ ಬಗ್ಗೆ. ಶಾಲೆಯಲ್ಲಿ ಮಕ್ಕಳು ಬೈಗುಳ ತಿನ್ನುವುದು ಬೇರೆ ಮಾತುಗಳಿಗೆ. ‘ಟುಡೇ ಮಾರ್ನಿಂಗ್’ ಎಂದದ್ದಕ್ಕೆ, ‘ಯೆಸ್ಟರ್‌ಡೇ ನೈಟ್’ ಎಂದದ್ದಕ್ಕೆ, ‘ಸಿನ್ಸ್ ಟು ಇಯರ್ಸ್’ ಎಂದದ್ದಕ್ಕೆ. ಇಂಗ್ಲಿಷ್ ‘ದಿಸ್ ಮಾರ್ನಿಂಗ್’, ‘ಲಾಸ್ಟ್ ನೈಟ್’ ಎನ್ನುತ್ತದೆ, ನಿಜ. ಆದರೆ ‘ಇವತ್ತು ಬೆಳಿಗ್ಗೆ’ ಎಂಬುದನ್ನು ಹಾಗೇ ತಿರುಗಿಸಿದ ಮಗುವಿನ ಮಾತು ಯಾರಿಗಾದರೂ ಅರ್ಥವಾಗದೇ ಉಳಿಯುತ್ತದೆಯೇ? ಅದನ್ನು ತಿದ್ದಬೇಕು, ಆದರೆ ಅವಸರವಿಲ್ಲ. ‘ಸಿನ್ಸ್’ ವಿಷಯವೂ ಅಷ್ಟೆ. ಕನ್ನಡದಲ್ಲಿ ‘2019ರಿಂದ’, ‘ಐದು ವರ್ಷದಿಂದ’ ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷ್ ಶುರುವಾದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’ ಎಂದು ಎರಡು ಮಾಡಿದೆ. ಇಲ್ಲಿ ನಿಜವಾಗಿ ಗಮನಿಸಬೇಕಾದ್ದು ಕ್ರಿಯಾಪದವನ್ನು. ‘ಐ ವರ್ಕ್ಡ್ ದೇರ್ ಫಾರ್ ಟು ಇಯರ್ಸ್’ ಎಂದರೆ ಕೆಲಸ ಬಿಟ್ಟಾಗಿದೆ, ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಟು ಇಯರ್ಸ್’ ಎಂದರೆ ಈಗಲೂ ಇಲ್ಲೇ ಇದ್ದೇನೆ. ಸಂದರ್ಶನದಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ, ‘ಸಿನ್ಸ್’ ತಪ್ಪಿದ್ದಕ್ಕೆ ಅಷ್ಟಿಲ್ಲ.

ಕ್ರಿಯಾಪದದಲ್ಲಿ ನಮ್ಮ ಚಂದವೂ ಒಂದಿದೆ. ಒಳಗಿನಿಂದ ಕರೆದರೆ ‘ಇದೋ ಬಂದೆ’ ಎನ್ನುತ್ತೇವೆ, ಇನ್ನೂ ಎದ್ದಿರುವುದಿಲ್ಲ. ಖಂಡಿತ ಬರುತ್ತೇನೆ ಎಂಬ ಭರವಸೆಯೇ ಭೂತಕಾಲವಾಗಿದೆ. ಇಂಗ್ಲಿಷ್ ಅಲ್ಲಿ ‘ಕಮಿಂಗ್’ ಎನ್ನುತ್ತದೆ. ನಾಳೆಯ ರೈಲಿಗೆ ಅದು ‘ದ ಟ್ರೇನ್ ಲೀವ್ಸ್ ಅಟ್ ಫೈವ್’ ಎಂದು ವರ್ತಮಾನವನ್ನು ಬಳಸುತ್ತದೆ, ವೇಳಾಪಟ್ಟಿಯಲ್ಲಿ ಬರೆದಿಟ್ಟದ್ದು ಆಗಿಯೇ ತೀರುತ್ತದೆ ಎಂಬ ನಂಬಿಕೆಯಿಂದ.

‘ಅಟ್’, ‘ಆನ್’, ‘ಇನ್’ ಎಂಬ ಮೂರರ ಮೇಲೆ ಶಾಲೆಗಳು ಕಳೆಯುವ ಹೊತ್ತು ಬಹಳ. ಇದಕ್ಕೊಂದು ತಕ್ಕಮಟ್ಟಿನ ತರ್ಕವಿದೆ: ಗಡಿಯಾರದ ಬಿಂದುವಿಗೆ ಅಟ್, ದಿನಕ್ಕೆ ಆನ್, ಅದಕ್ಕಿಂತ ದೊಡ್ಡದಾದ ತಿಂಗಳು, ವರ್ಷ, ಮಳೆಗಾಲಗಳಿಗೆ ಇನ್. ಬೆಳಿಗ್ಗೆಗೆ ಇನ್, ಆದರೆ ಸೋಮವಾರ ಬೆಳಿಗ್ಗೆ ಎಂದ ಕೂಡಲೇ ಆನ್, ಯಾಕೆಂದರೆ ಆಗ ದಿನದ ಹೆಸರು ಯಜಮಾನನಾಗುತ್ತದೆ. ‘ನೈಟ್’ ಮಾತ್ರ ಅಟ್ ಬೇಡುತ್ತದೆ, ಅದನ್ನು ಹಾಗೇ ಕಲಿಯಬೇಕು. ‘ಆನ್ ಟೈಮ್’ ಅಂದರೆ ಹೇಳಿದ ಗಂಟೆಗೆ ಸರಿಯಾಗಿ, ‘ಇನ್ ಟೈಮ್’ ಅಂದರೆ ಕೈಮೀರುವ ಮೊದಲು. ಆಂಬುಲೆನ್ಸ್ ಮಂಗಳೂರು ಮುಟ್ಟಬೇಕಾದ್ದು ಇನ್ ಟೈಮ್.

ಈ ಮೂರನ್ನು ಬಿಟ್ಟ ಸ್ಥಳದಲ್ಲಿ ತುಂಬಿಸುವ ಪ್ರಶ್ನೆಗಳಿಗೆ ಅಂಕ ಸಿಗುತ್ತದೆ. ಅದರ ಜೊತೆಗೆ ಗಡಿನಾಡಿನ ನಮ್ಮ ಶಾಲೆಗಳ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಇನ್ನೊಂದು ಬಗೆಯ ಪ್ರಶ್ನೆಯನ್ನೂ ಕೇಳಿ ಎಂದು ಬೇಡಿಕೊಳ್ಳುತ್ತೇನೆ. ಒಂದು ನೋಟಿಸನ್ನೋ ಟಿಕೆಟನ್ನೋ ಕೈಗೆ ಕೊಡಿ, ಉತ್ತರವನ್ನು ಅವರವರ ಮನೆಮಾತಿನಲ್ಲೇ ಹೇಳಿಸಿ. ಉದಾಹರಣೆಗೆ ಹೀಗೆ: ಬುಧವಾರದ ಸಂದರ್ಶನ ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಆಗಿದೆ, ಮೂಲ ಪ್ರಮಾಣಪತ್ರಗಳು ಅದರ ಹಿಂದಿನ ದಿನ ‘ಬೈ ನೂನ್’ ಕಚೇರಿಯಲ್ಲಿರಬೇಕು, ಕಚೇರಿಗೆ ಆದಿತ್ಯವಾರ ರಜೆ. ಹಾಗಾದರೆ ಉಪ್ಪಳದಿಂದ ಯಾವ ದಿನ ಹೊರಡಬೇಕು? ಸಂದರ್ಶನ ಸೋಮವಾರಕ್ಕೆ ಬಂತು, ಹಿಂದಿನ ದಿನ ಆದಿತ್ಯವಾರ, ಅಂದು ಬಾಗಿಲು ಮುಚ್ಚಿರುತ್ತದೆ. ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೋಗಿ, ಮಧ್ಯಾಹ್ನ ಹನ್ನೆರಡರ ಒಳಗೆ ಕೊಟ್ಟು ಬರಬೇಕು.